ಮೋರೆ ಬಯಲಿನಲ್ಲಿ ಒಂದು ಚಕ್ರ

ಚಕ್ರವನ್ನು ಮೊದಲು ಮಾಡಿದವನು ಯಾರೋ ತಿಳಿಯದು. ಆದರೆ ಅವನು ಅದನ್ನು ಉರುಳಿಸುವುದಕ್ಕೆಂದು ಮಾಡಿದನೇ ಹೊರತು ಎತ್ತುವುದಕ್ಕೆಂದು ಮಾಡಲಿಲ್ಲ ಎಂಬ ಸತ್ಯವು ನನಗೆ ಮನದಟ್ಟಾದದ್ದು 2023ರ ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ, ಸಮುದ್ರಮಟ್ಟದಿಂದ ಸುಮಾರು 4,700 ಮೀಟರ್ ಎತ್ತರದಲ್ಲಿ, ಲಡಾಖಿನ ಮೋರೆ ಎಂಬ ಬಯಲಿನ ನಟ್ಟನಡುವೆ. ಅಲ್ಲಿ ನಾವು ನಾಲ್ವರು ಸೇರಿ ಒಂದು ಚಕ್ರವನ್ನು ಎದೆಯೆತ್ತರಕ್ಕೆ ಏರಿಸಲು ಹೋಗಿ ಸೋತು, ಬಾಯಿ ತೆರೆದ ಮೀನುಗಳಂತೆ ಉಸಿರಿಗಾಗಿ ಒದ್ದಾಡುತ್ತ ರಸ್ತೆಯಂಚಿನಲ್ಲಿ ಕುಳಿತೆವು. ಆ ಚಕ್ರ ನಮ್ಮದೂ ಆಗಿರಲಿಲ್ಲ!

ಆ ಕಥೆಗೆ ಬರುವ ಮುನ್ನ ದಾರಿಯ ಪರಿಚಯವನ್ನಿಷ್ಟು ಮಾಡಿಕೊಡುವುದು ಉಚಿತ. ಮನಾಲಿಯಿಂದ ಲೇಹ್ ಪಟ್ಟಣಕ್ಕೆ ಈಗ ಸುಮಾರು 430 ಕಿಲೋಮೀಟರ್. ಹಿಂದೆ ರೋಹ್ತಾಂಗ್ ಕಣಿವೆಯನ್ನು ಹತ್ತಿ ಇಳಿಯದೆ ಗತಿಯಿರಲಿಲ್ಲ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಅಟಲ್ ಸುರಂಗವು 9 ಕಿಲೋಮೀಟರ್‌ಗಳಷ್ಟು ಬೆಟ್ಟವನ್ನು ಕೊರೆದು, ಪ್ರಯಾಣದಲ್ಲಿ 46 ಕಿಲೋಮೀಟರ್ ಉಳಿಸಿತು. ಸುರಂಗದ ಈ ಬದಿಯಲ್ಲಿ ದೇವದಾರುಗಳ ಹಸಿರು. ಆ ಬದಿಯಲ್ಲಿ ಹೊರಬಿದ್ದರೆ ಲಾಹುಲಿನ ಬೋಳುಬೆಟ್ಟಗಳು. ತಾಂಡಿಯಲ್ಲಿ ಚಂದ್ರಾ ನದಿಯೂ ಭಾಗಾ ನದಿಯೂ ಕೂಡಿ ಚಂದ್ರಭಾಗೆಯಾಗುತ್ತವೆ. ಮುಂದೆ ಅದೇ ಚೆನಾಬ್. ಅಲ್ಲಿಂದ ಭಾಗೆಯ ಜಾಡು ಹಿಡಿದು ಕೇಲಾಂಗ್, ಜಿಸ್ಪಾ, ದಾರ್ಚಾಗಳನ್ನು ಹಿಂದಿಟ್ಟು, ಅವಳ ತವರಾದ ಸೂರಜ್ ತಾಲ್ ಸರೋವರವನ್ನು ನೋಡಿ, ಬಾರಾಲಾಚಾ ಕಣಿವೆಯನ್ನು ದಾಟಿದರೆ ಸರ್ಚು.

ಹಿಮ ಬಿದ್ದೊಡನೆ ಈ ದಾರಿ ಮುಚ್ಚುತ್ತದೆ. ಬೇಸಗೆಯಲ್ಲಿ ಹಿಮವನ್ನು ಗೋರಿ ತೆಗೆದು, ಕುಸಿದ ಅಂಚುಗಳನ್ನು ಕಟ್ಟಿ, ಮತ್ತೆ ತೆರೆಯುವವರು 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯವರು. ಜಾರ್ಖಂಡ್, ಬಿಹಾರಗಳಿಂದ ಬಂದ ಕೂಲಿಗಳು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಡಾಂಬರು ಕಾಯಿಸುವ ದೃಶ್ಯವನ್ನು ದಾರಿಯುದ್ದಕ್ಕೂ ಕಂಡೆವು. ನಾವು ಹಾಯಾಗಿ ಕುಳಿತು ಹೋಗುವ ಒಂದೊಂದು ಮೊಳ ರಸ್ತೆಯ ಹಿಂದೆಯೂ ಯಾರದೋ ಬೆನ್ನುನೋವಿದೆ ಎಂಬುದನ್ನು ಅಲ್ಲಿ ಮರೆಯುವಂತಿಲ್ಲ.

ಆಲೂಗಡ್ಡೆಯ ಹೊಲದಿಂದ ಹಿಮಾಲಯಕ್ಕೆ

ಸರ್ಚುವಿನ ಡೇರೆಗಳ ಬಳಿ ನಮ್ಮ ಬಾಡಿಗೆಯ ಜೀಪು ನಿಂತಾಗ ಸಂಜೆಯಾಗಿತ್ತು. ನನ್ನ ಜೊತೆಗಿದ್ದವರು ಒಬ್ಬ ಮಿತ್ರರು ಮತ್ತು ಲಾಹುಲಿನವನೇ ಆದ ನಮ್ಮ ಚಾಲಕ. ಡೇರೆಗಳಾಚೆ ಒಂದು ವಿಚಿತ್ರ ವಾಹನ ನಿಂತಿತ್ತು. ಲಾರಿಯೆನ್ನೋಣವೆಂದರೆ ಮೂತಿ ಮೊಂಡು. ಮನೆಯೆನ್ನೋಣವೆಂದರೆ ಕೆಳಗೆ ಆಳೆತ್ತರಕ್ಕೆ ಸಮೀಪಿಸುವ ಚಕ್ರಗಳು. ಬೆನ್ನಿನ ಮೇಲೆ ಕಿಟಕಿಗಳುಳ್ಳ ದೊಡ್ಡ ಪೆಟ್ಟಿಗೆ. ಆ ಪೆಟ್ಟಿಗೆಯೊಳಗೆ ಮಂಚ, ಒಲೆ, ಪುಸ್ತಕದ ಕಪಾಟು. ಅದರ ಒಡೆಯರು ಜರ್ಮನಿಯ ವೃದ್ಧ ದಂಪತಿಗಳು. ಅವರು ಯಂತ್ರಗಳ ಕಾರ್ಖಾನೆಯಿಂದ ನಿವೃತ್ತರಾದವರು, ಆಕೆ ದಾದಿಯಾಗಿದ್ದವರು. ಇರಾನ್, ಪಾಕಿಸ್ತಾನಗಳನ್ನು ಹಾದು, ವಾಘಾ ಗಡಿಯಿಂದ ನಮ್ಮ ದೇಶವನ್ನು ಪ್ರವೇಶಿಸಿದ್ದರು.

ಆ ವಾಹನದ ಹೆಸರು ಉನಿಮೋಗ್. ಅದರ ಜನ್ಮವೃತ್ತಾಂತ ಸ್ವಾರಸ್ಯವಾದದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಬಳಲಿ ಹಸಿದಿದ್ದ ಜರ್ಮನಿಯಲ್ಲಿ ಆಲ್ಬರ್ಟ್ ಫ್ರೀಡ್ರಿಖ್ ಎಂಬ ಯಂತ್ರಶಿಲ್ಪಿ ರೈತರಿಗಾಗಿ ಇದನ್ನು ರೂಪಿಸಿದನು. ಉಳಲೂ ಬೇಕು, ಸರಕು ಸಾಗಿಸಲೂ ಬೇಕು, ರಸ್ತೆಯಲ್ಲಿ ಓಡಲೂ ಬೇಕು. ಎಡಬಲ ಚಕ್ರಗಳ ನಡುವಿನ ಅಂತರವನ್ನು ಅವನು 1,270 ಮಿಲಿಮೀಟರ್‌ಗೆ ನಿಶ್ಚಯಿಸಿದ. ಏಕೆಂದರೆ ಅದು ಆಲೂಗಡ್ಡೆಯ ಎರಡು ಸಾಲುಗಳ ಅಗಲ! 1948ರಲ್ಲಿ ತಯಾರಿಕೆ ಆರಂಭವಾಯಿತು. ಮುಂದೆ ಸೇನೆಯವರೂ, ಬೆಂಕಿ ಆರಿಸುವವರೂ, ಮರುಭೂಮಿಯ ಪ್ರವಾಸಿಗಳೂ ಅದನ್ನು ಅಪ್ಪಿಕೊಂಡರು. ವಾಹನ ಬೆಳೆಯಿತು, ಚಕ್ರಗಳೂ ಬೆಳೆದವು. ಬಿತ್ತನೆಯ ಆಲೂಗಡ್ಡೆಗೆ ಹೆಸರಾದ ಲಾಹುಲಿನ ಹೊಲಗಳ ಪಕ್ಕದಲ್ಲಿಯೇ ಅದು ಹಿಂದಿನ ದಿನ ಹಾದುಬಂದಿತ್ತೆಂಬುದನ್ನು ನೆನೆದು ನನಗೆ ನಗೆ ಬಂತು. ಮೊಮ್ಮಗ ಅಜ್ಜನ ಊರಿಗೆ ಬಂದಂತಾಯಿತು!

ನನ್ನ ಗಮನವನ್ನು ಸೆಳೆದದ್ದು ಪೆಟ್ಟಿಗೆಯ ಹಿಂಗೋಡೆಗೆ ಒರಗಿ, ಒಂದು ಕಿರಿದಾದ ಉಕ್ಕಿನ ಜಗುಲಿಯ ಮೇಲೆ ನಿಂತಿದ್ದ ಹೆಚ್ಚುವರಿ ಚಕ್ರ. ನಮ್ಮಲ್ಲಿ ಹಳ್ಳಿಯ ಹುಡುಗನೂ ಅದನ್ನು ‘ಸ್ಟೆಪ್ನಿ’ ಎನ್ನುತ್ತಾನೆ. ಆ ಮಾತು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಮೋಟಾರುಗಳಿಗೆ ಹೆಚ್ಚುವರಿ ಚಕ್ರವೇ ಇಲ್ಲದಿದ್ದ ಕಾಲದಲ್ಲಿ, 1904ರಲ್ಲಿ, ಸ್ಟೆಪ್ನಿ ಬೀದಿಯ ಡೇವಿಸ್ ಸೋದರರು ಗಾಳಿ ತುಂಬಿದ ಒಂದು ಟೈರುಬಳೆಯನ್ನು ಮಾಡಿ, ಕೆಟ್ಟ ಚಕ್ರದ ಪಕ್ಕಕ್ಕೆ ಬಿಗಿಯುವ ಉಪಾಯವನ್ನು ಮಾರಾಟಕ್ಕೆ ತಂದರು. ನಾವು ಆ ಬೀದಿಯ ಹೆಸರನ್ನು ಇಂದಿಗೂ ಹೊತ್ತು ತಿರುಗುತ್ತಿದ್ದೇವೆ.

“ಇದರ ತೂಕವೆಷ್ಟು?” ಎಂದು ಕೇಳಿದೆ.

“ಉಕ್ಕಿನ ಬಳೆಯೂ ಸೇರಿ ಸುಮಾರು 150 ಕಿಲೋ” ಎಂದರು ಮುದುಕರು. ಚಕ್ರದ ಎತ್ತರ ನಾಲ್ಕು ಅಡಿ. ಅದನ್ನು ಇಳಿಸಿ ಏರಿಸಲು ಮೇಲೊಂದು ತೊಲೆ, ತೊಲೆಗೊಂದು ಕೈರಾಟೆ, ರಾಟೆಗೆ ಸುತ್ತಿದ ಉಕ್ಕಿನ ಹಗ್ಗ. ಹಿಡಿಕೆಯನ್ನು ತಿರುಗಿಸಿದರೆ ಹಲ್ಲುಗಾಲಿಗಳು ಒಂದನ್ನೊಂದು ಕಚ್ಚಿ ತಿರುಗುತ್ತವೆ; ಒಂದು ಪುಟ್ಟ ತಡೆಹಲ್ಲು ಟಿಕ್ ಟಿಕ್ ಎಂದು ಸದ್ದು ಮಾಡುತ್ತ, ಏರಿದ ಭಾರ ಮತ್ತೆ ಜಾರದಂತೆ ಹಿಡಿದುಕೊಳ್ಳುತ್ತದೆ. ಅದರ ವಿವರವನ್ನೆಲ್ಲ ಅವರು ಸಂತೋಷದಿಂದ ತೋರಿಸಿದರು.

“ಎಷ್ಟು ಸಲ ಇಳಿಸಿದ್ದೀರಿ?” ಎಂದರು ನನ್ನ ಮಿತ್ರರು.

“ಇದುವರೆಗೆ ಆ ಪ್ರಮೇಯ ಬಂದಿಲ್ಲ” ಎಂದು ಅವರು ಹೆಮ್ಮೆಯಿಂದಲೇ ನುಡಿದರು. ಅವರ ಹೆಂಡತಿ ಮಾತ್ರ ಚಕ್ರವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಸುಮ್ಮನಾದರು.

ಗಾಟಾ ತಿರುವುಗಳ ಬಾಯಾರಿಕೆ

ಮರುದಿನ ಬೆಳಿಗ್ಗೆ ಬೇಗ ಹೊರಟೆವು. ಸರ್ಚುವನ್ನು ಬಿಟ್ಟು ಸ್ವಲ್ಪ ದೂರದಲ್ಲಿ ಗಾಟಾ ತಿರುವುಗಳು ಸಿಕ್ಕುತ್ತವೆ. ಒಂದೇ ಬೆಟ್ಟದ ಮೈಮೇಲೆ 21 ತಿರುವುಗಳು, ಯಾರೋ ದಾರದುಂಡೆಯನ್ನು ಬಿಚ್ಚಿ ಚೆಲ್ಲಿದಂತೆ. ಒಂದು ತಿರುವಿನಲ್ಲಿ ಚಾಲಕ ಜೀಪನ್ನು ನಿಲ್ಲಿಸಿದ. ಕಲ್ಲುಗಳನ್ನು ಒಟ್ಟಿ ಮಾಡಿದ ಒಂದು ಪುಟ್ಟ ಗುಡಿ. ಅದರ ಸುತ್ತ ರಾಶಿರಾಶಿಯಾಗಿ ನೀರಿನ ಬಾಟಲಿಗಳು. ಒಂದಷ್ಟು ಬೀಡಿ, ಸಿಗರೇಟು.

ಕಥೆ ಹೀಗೆ. ಹಲವು ವರ್ಷಗಳ ಹಿಂದೆ, ಹಿಮ ಬೀಳುವ ಸಮಯಕ್ಕೆ, ಒಂದು ಲಾರಿ ಇಲ್ಲಿ ಕೆಟ್ಟು ನಿಂತಿತಂತೆ. ಚಾಲಕ ಸಹಾಯ ತರಲು ನಡೆದುಹೋದ. ಕ್ಲೀನರ್ ಹುಡುಗ ಸರಕಿಗೆ ಕಾವಲಾಗಿ ಉಳಿದ. ಹಿಮಪಾತದಿಂದ ದಾರಿ ಮುಚ್ಚಿತು. ಚಾಲಕ ಹಿಂದಿರುಗುವ ವೇಳೆಗೆ ಹುಡುಗ ಚಳಿಯಿಂದಲೂ ಬಾಯಾರಿಕೆಯಿಂದಲೂ ಸತ್ತಿದ್ದ. ಅವನನ್ನು ಅಲ್ಲಿಯೇ ಹೂಳಿದರು. ಆಮೇಲೆ ಈ ತಿರುವಿನಲ್ಲಿ ಯಾರೋ ನೀರು ಬೇಡುತ್ತಾರೆಂಬ ಮಾತು ಹಬ್ಬಿತು. ಅಂದಿನಿಂದ ದಾರಿಗರು ಒಂದೊಂದು ಬಾಟಲಿ ನೀರನ್ನಿಟ್ಟು ಹೋಗುತ್ತಾರೆ.

ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಭೂತವುಂಟೋ ಇಲ್ಲವೋ, ಅದು ನನಗೆ ಮುಖ್ಯವೆನಿಸಲಿಲ್ಲ. ಕೆಟ್ಟ ವಾಹನದ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ಬಿಟ್ಟು ಹೋದದ್ದಕ್ಕಾಗಿ ಈ ರಸ್ತೆಯ ಜನ ಇನ್ನೂ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ನಾವೂ ಒಂದು ಬಾಟಲಿಯನ್ನಿಟ್ಟೆವು. ಆ ವೇಳೆಗೆ ಉನಿಮೋಗ್ ನಮ್ಮನ್ನು ಹಿಂದಿಕ್ಕಿ, ಮೇಲಿನ ತಿರುವಿನಲ್ಲಿ ಗುಡುಗುತ್ತ ಏರುತ್ತಿತ್ತು.

ಬಯಲಿನ ನಡುವೆ

ನಕೀ ಲಾ, ಲಾಚುಲುಂಗ್ ಲಾ ಎಂಬ ಎರಡು ಕಣಿವೆಗಳನ್ನು ದಾಟಿ, ಗಾಳಿ ಕೊರೆದ ಬಂಡೆಗಳ ನಡುವೆ ಇಳಿದು, ಪಾಂಗ್ ಎಂಬ ಡೇರೆಗಳ ಊರಿನಲ್ಲಿ ಅನ್ನ ತೊವ್ವೆ ಉಂಡೆವು. ಪಾಂಗ್‌ನಿಂದ ಒಂದು ಕಡಿದಾದ ಏರು. ಅದು ಮುಗಿದೊಡನೆ, ಪರ್ವತಗಳೆಲ್ಲ ಒಪ್ಪಂದ ಮಾಡಿಕೊಂಡು ಎರಡೂ ಕಡೆಗೆ ಸರಿದು ನಿಂತವೋ ಎಂಬಂತೆ, ಮೋರೆ ಬಯಲು ತೆರೆದುಕೊಳ್ಳುತ್ತದೆ. ಸುಮಾರು 40 ಕಿಲೋಮೀಟರ್ ಉದ್ದದ ಸಮತಟ್ಟಾದ ನೆಲ. ಮರವಿಲ್ಲ, ಪೊದೆಯಿಲ್ಲ. ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಒಂದು ಸಾಲು; ಅದಕ್ಕೂ ದೂರದಲ್ಲಿ ಚಾಂಗ್ಪಾ ಅಲೆಮಾರಿಗಳ ಆಡುಗಳು, ಚೆಲ್ಲಿದ ಅಕ್ಕಿಕಾಳಿನಂತೆ.

ಬಯಲಿನ ನಡುವೆ ಉನಿಮೋಗ್ ವಾರೆಯಾಗಿ ನಿಂತಿತ್ತು. ಲಾಚುಲುಂಗ್ ಇಳಿಜಾರಿನಲ್ಲಿ ಯಾವುದೋ ಚೂಪುಗಲ್ಲು ಹಿಂದಿನ ಟೈರಿನ ಮಗ್ಗುಲನ್ನು ಸೀಳಿತ್ತು; ಗಾಳಿ ಮೆಲ್ಲಮೆಲ್ಲನೆ ಸೋರಿ ಇಲ್ಲಿಗೆ ಬಂದು ಪೂರ್ತಿ ಖಾಲಿಯಾಗಿತ್ತು. ಹೆಚ್ಚುವರಿ ಚಕ್ರವನ್ನು ಇಳಿಸುವ ಕೆಲಸವೂ, ಅದನ್ನು ಜೋಡಿಸುವ ಕೆಲಸವೂ ಸುಸೂತ್ರವಾಗಿ ಮುಗಿದಿದ್ದವು. ಇಳಿಸುವಾಗ ಭೂಮಿಯೇ ಸಹಾಯ ಮಾಡುತ್ತದೆಯಷ್ಟೆ. ಕಷ್ಟ ಬಂದದ್ದು ಕೆಟ್ಟ ಚಕ್ರವನ್ನು ಜಗುಲಿಗೆ ಏರಿಸುವಾಗ. ಅರ್ಧ ಏರುವಷ್ಟರಲ್ಲಿ ಕೈರಾಟೆಯ ತಡೆಹಲ್ಲು ಮುರಿಯಿತು. ಚಕ್ರ ಕೆಳಗೆ ಬಿತ್ತು; ಹಿಡಿಕೆ ರಭಸದಿಂದ ಹಿಮ್ಮುಖವಾಗಿ ತಿರುಗಿ ಮುದುಕರ ಮುಂಗೈಗೆ ಬಡಿಯಿತು. ನಾವು ಹೋಗಿ ನಿಂತಾಗ ಅವರ ಹೆಂಡತಿ ಆ ಕೈಯನ್ನು ಪಟ್ಟಿಯಿಂದ ಸುತ್ತಿ ಕೊರಳಿಗೆ ತೂಗುಹಾಕುತ್ತಿದ್ದರು.

ನಾವು ಶೂರರಂತೆ ಕೋಟು ಬಿಚ್ಚಿದೆವು. ನಾನು, ಮಿತ್ರರು, ಚಾಲಕ, ಆ ತಾಯಿ, ನಾಲ್ವರು. ಒಬ್ಬೊಬ್ಬರ ಪಾಲಿಗೆ 40 ಕಿಲೋ ಕೂಡ ಬರುವುದಿಲ್ಲ ಎಂದು ಲೆಕ್ಕ ಹಾಕಿದೆವು. ಲೆಕ್ಕ ಸರಿಯಾಗಿತ್ತು, ಆದರೆ ಟೈರಿಗೆ ಹಿಡಿಯಲು ಹಿಡಿಯಿರಲಿಲ್ಲ, ಮತ್ತು ಅಲ್ಲಿನ ಗಾಳಿ ನಮ್ಮ ಊರಿನ ಗಾಳಿಯಾಗಿರಲಿಲ್ಲ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ 60 ಪಾಲನ್ನೂ ಮುಟ್ಟದು. ಮೊಣಕಾಲಿನ ಮಟ್ಟಕ್ಕೆ ಬಂದ ಚಕ್ರ ಮತ್ತೆ ಧೊಪ್ಪನೆ ಬಿತ್ತು. ಮಿತ್ರರ ತುಟಿ ಬಣ್ಣಗೆಟ್ಟಿತು. ನನ್ನ ಕಿವಿಯೊಳಗೆ ನನ್ನದೇ ಹೃದಯ ನಗಾರಿ ಬಾರಿಸುತ್ತಿತ್ತು. ಎರಡನೆಯ ಸಲ ಪ್ರಯತ್ನಿಸುವ ಮಾತನ್ನು ಯಾರೂ ಎತ್ತಲಿಲ್ಲ.

“ಚಕ್ರವನ್ನು ಇಲ್ಲಿಯೇ ಬಿಟ್ಟು ಹೋಗೋಣ” ಎಂದರು ಆಕೆ.

“ಟೈರು ಹೋದರೆ ಹೋಗಲಿ. ಈ ಉಕ್ಕಿನ ಬಳೆ ನಮ್ಮ ಊರಿನಿಂದ ಬರಬೇಕು. ಇದಿಲ್ಲದೆ ಮುಂದೆ ಹೆಚ್ಚುವರಿ ಚಕ್ರವೇ ಇಲ್ಲ, ಇನ್ನೂ ತಿಂಗಳುಗಟ್ಟಲೆ ದಾರಿಯಿದೆ” ಎಂದರು ಮುದುಕರು.

ನಮ್ಮ ಜೀಪಿನೊಳಕ್ಕೆ ಅದು ಹಿಡಿಸದು. ಜೀಪಿನ ನೆತ್ತಿಯ ಮೇಲಿಡಬಹುದಿತ್ತು. ಆದರೆ ಅದಕ್ಕೂ ಎತ್ತಲೇಬೇಕಲ್ಲ! ಪಶ್ಚಿಮದಲ್ಲಿ ಮೋಡ ಕವಿಯತೊಡಗಿತು. ಗಾಳಿ ಹರಿತವಾಯಿತು. ಮೊಬೈಲುಗಳಲ್ಲಿ ಸಂಪರ್ಕದ ಸುಳಿವಿರಲಿಲ್ಲ. ಆ ಹಿಂದಿನ ರಾತ್ರಿಯಿಂದಲೇ ಅವರಿಗೆ ತಲೆನೋವಿತ್ತೆಂದೂ, ಈ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯುವುದು ಅಪಾಯವೆಂದೂ, ಇಂದೇ ಇಳಿಯಬೇಕೆಂದೂ ಆಕೆ ನನ್ನೊಡನೆ ತಗ್ಗಿದ ದನಿಯಲ್ಲಿ ಹೇಳಿದರು. ಅಷ್ಟರಲ್ಲಿ ಮುದುಕರು ಒಂದು ನಿರ್ಧಾರಕ್ಕೆ ಬಂದಿದ್ದರು.

“ಇವಳನ್ನು ನೀವು ಲೇಹ್‌ಗೆ ಕರೆದುಕೊಂಡು ಹೋಗಿ. ನಾಳೆ ಯಾರನ್ನಾದರೂ ಕಳುಹಿಸಿ. ನಾನು ಗಾಡಿಯ ಬಳಿ ಇರುತ್ತೇನೆ.”

ನಮ್ಮ ಚಾಲಕನಿಗೆ ಆ ಭಾಷೆ ಪೂರ್ತಿ ತಿಳಿಯದು. ಆದರೆ ಅರ್ಥ ತಿಳಿಯಿತು. ಅವನು ತಟ್ಟನೆ ನನ್ನ ಮುಖ ನೋಡಿದ. ಬೆಳಿಗ್ಗೆ ನಾವಿಟ್ಟ ನೀರಿನ ಬಾಟಲಿ ಇಬ್ಬರ ಕಣ್ಣಮುಂದೆಯೂ ಸುಳಿಯಿತೆಂದು ನಾನು ಬಲ್ಲೆ.

ಭಾರಕ್ಕೆ ಒಂದು ಇಳಿಜಾರು

ಆಗ ಪಾಂಗ್ ಕಡೆಯಿಂದ ಒಂದು ಲಾರಿ ಬಂತು. ಹಿಮಾಚಲದ್ದು; ಲೇಹ್ ಪೇಟೆಗೆ ತರಕಾರಿ ತುಂಬಿಕೊಂಡು ಟಾರ್ಪಾಲಿನ ಅಂಚಿನವರೆಗೂ ಭರ್ತಿಯಾಗಿತ್ತು. ಕೈ ಬೀಸುವ ಮೊದಲೇ ಅದು ನಿಂತಿತು. ಆ ದಾರಿಯಲ್ಲಿ ನಿಂತ ಗಾಡಿಯನ್ನು ಕಂಡು ನಿಲ್ಲದೆ ಹೋಗುವವರು ಕಡಿಮೆ. ಇಳಿದವನು ಅರವತ್ತರ ಆಸುಪಾಸಿನ ಚಾಲಕ. ಅವನ ಹಿಂದೆ ಇಪ್ಪತ್ತರ ಕ್ಲೀನರ್ ಹುಡುಗ, ಕೈಯಲ್ಲಿ ಒಂದು ಮರದ ಬೆಣೆ. ಇಳಿದೊಡನೆ ಹುಡುಗ ಆ ಬೆಣೆಯನ್ನು ತನ್ನ ಲಾರಿಯ ಚಕ್ರಕ್ಕೆ ಒತ್ತುಕೊಟ್ಟ. ಘಟ್ಟದ ದಾರಿಯಲ್ಲಿ ದುಡಿಯುವ ಹುಡುಗರಿಗೆ ಇದು ಕಣ್ಣು ಮಿಟುಕಿಸಿದಷ್ಟು ಸಹಜ.

ಹಿರಿಯ ಚಾಲಕ ಚಕ್ರದ ಕಡೆ ನೋಡಲೇ ಇಲ್ಲ. ಮೊದಲು ಮುದುಕರ ಕೈ ನೋಡಿದ. ನನ್ನ ಮಿತ್ರರ ತುಟಿ ನೋಡಿದ. ಎಲ್ಲರಿಗೂ ಚಹಾ ಆಯಿತೇ ಎಂದು ವಿಚಾರಿಸಿದ. ಆಮೇಲೆ ಉನಿಮೋಗಿನ ಹಿಂದೆ ಹೋಗಿ ಜಗುಲಿಯ ಎತ್ತರವನ್ನು ತನ್ನ ಎದೆಗೆ ಅಳೆದುಕೊಂಡ. ನಾವು ಎತ್ತಲು ಪಟ್ಟ ಪಾಡನ್ನು ನಮ್ಮ ಚಾಲಕ ವರ್ಣಿಸಿದಾಗ ಅವನು ನಕ್ಕು, “ಉಠಾನಾ ನಹೀಂ, ಚಢಾನಾ ಹೈ” ಎಂದ. ಎತ್ತುವುದಲ್ಲ, ಏರಿಸುವುದು.

ಸರಕು ಇಳಿಸಲೆಂದು ಲಾರಿಯಲ್ಲಿ ಇಟ್ಟುಕೊಂಡಿದ್ದ ಎರಡು ದಪ್ಪ ಹಲಗೆಗಳು ಹೊರಬಂದವು. ಒಂದೊಂದೂ ಸುಮಾರು 3 ಮೀಟರ್ ಉದ್ದ. ಅವುಗಳನ್ನು ಅವನು ಗಾಡಿಯ ಹಿಂದಕ್ಕೆ ನೇರವಾಗಿ ಒರಗಿಸಲಿಲ್ಲ. ಹಿಂಗೋಡೆಗೆ ಸಮಾನಾಂತರವಾಗಿ, ಎಡಬದಿಯ ನೆಲದಿಂದ ಜಗುಲಿಯ ಎಡತುದಿಗೆ ಏಣಿಯಂತೆ ಜೋಡಿಸಿದ. ಹಾಗಾದರೆ ಚಕ್ರ ಗೋಡೆಯ ಪಕ್ಕದಲ್ಲೇ ಉರುಳುತ್ತ ಬಂದು, ತಾನು ನಿಲ್ಲಬೇಕಾದ ಭಂಗಿಯಲ್ಲೇ ಜಗುಲಿಯನ್ನು ಸೇರುತ್ತದೆ. ಕೊನೆಯಲ್ಲಿ ತಿರುಗಿಸುವ ಗೊಡವೆಯಿಲ್ಲ. ಬಳಿಕ ದಪ್ಪನೆಯ ಹಗ್ಗದ ಒಂದು ತುದಿಯನ್ನು ಜಗುಲಿಯ ಬಲಗಂಬಕ್ಕೆ ಬಿಗಿದು, ಹಗ್ಗವನ್ನು ಹಲಗೆಯ ಗುಂಟ ಕೆಳಗೆ ಬಿಟ್ಟು, ಚಕ್ರದ ಅಡಿಯಿಂದ ತೂರಿಸಿ, ಹಿಂದಿನಿಂದ ಸುತ್ತಿ ಮೇಲಕ್ಕೆ ತಂದು, ಇನ್ನೊಂದು ತುದಿಯನ್ನು ಬಲಬದಿಯಲ್ಲಿ ನಿಂತ ನಮ್ಮ ಕೈಗೆ ಕೊಟ್ಟ. ಚಕ್ರ ಈಗ ಹಗ್ಗದ ತೊಟ್ಟಿಲಿನೊಳಗೆ ಕುಳಿತಂತಿತ್ತು.

ಹಗ್ಗ ನನ್ನ ಕೈಗೆ ಬಂದ ಆ ಕ್ಷಣದಲ್ಲಿ ನನಗೆ ನಾಚಿಕೆಯಾಯಿತು. ಏಕೆಂದರೆ ಈ ವಿದ್ಯೆಯನ್ನು ನಾನು ಬಾಲ್ಯದಲ್ಲಿ ನೂರು ಸಲ ನೋಡಿದ್ದೆ. ನಮ್ಮ ಮಲೆನಾಡಿನಲ್ಲಿ ಮರದ ದಿಮ್ಮಿಗಳನ್ನು ಲಾರಿಗೆ ಏರಿಸುತ್ತಿದ್ದುದು ಹೀಗೆಯೇ. ಎರಡು ಅಡ್ಡೆಮರಗಳನ್ನು ಓರೆಯಾಗಿಟ್ಟು, ದಿಮ್ಮಿಯ ಅಡಿಯಿಂದ ಹಗ್ಗ ತೂರಿಸಿ, ಮೇಲೆ ನಿಂತವರು “ಐಸಾ” ಎಂದು ಎಳೆದರೆ ಆನೆಮೈಯ ದಿಮ್ಮಿ ತಾನೇ ಉರುಳುತ್ತ ಏರುತ್ತಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ನೋಡಿ ತಡವಾಗಿ ಹೋಗಿ ಏಟು ತಿಂದದ್ದೂ ಉಂಟು. ಮುಂದೆ ಅದೇ ಶಾಲೆಯಲ್ಲಿ ಓರೆತಲದ ಲೆಕ್ಕಗಳನ್ನು ಮಾಡಿ ಒಳ್ಳೆಯ ಅಂಕಗಳನ್ನೂ ಪಡೆದೆ. ಆದರೆ ಬಯಲಿನಲ್ಲಿ ಚಕ್ರ ಬಿದ್ದಿದ್ದಾಗ ಕಣ್ಣು ಕಂಡದ್ದಾಗಲಿ, ಕೈ ಬರೆದದ್ದಾಗಲಿ ನೆನಪಿಗೆ ಬರಲಿಲ್ಲ. ತೋಳು ಬಿಗಿದು ಎತ್ತಲು ಹೋದೆ.

ಲೆಕ್ಕ ಎಷ್ಟು ಸರಳ ನೋಡಿ. ಜಗುಲಿಯ ಎತ್ತರ ಸುಮಾರು 1.2 ಮೀಟರ್, ಹಲಗೆಯ ಉದ್ದ 3 ಮೀಟರ್. 150 ಕಿಲೋ ಭಾರವನ್ನು ನೇರವಾಗಿ ಎತ್ತುವ ಬದಲು ಆ ಇಳಿಜಾರಿನ ಮೇಲೆ ದೂಡಿದರೆ ಬೇಕಾದ ಬಲ 60 ಕಿಲೋಗೆ ಇಳಿಯುತ್ತದೆ. ಹಗ್ಗದ ಒಂದು ತುದಿ ಗಾಡಿಗೆ ಕಟ್ಟಿರುವುದರಿಂದ ಅದರಲ್ಲಿ ಅರ್ಧವನ್ನು ಗಾಡಿಯೇ ಹೊರುತ್ತದೆ. ಉಳಿದದ್ದು 30 ಕಿಲೋ. ನಾಲ್ವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಂಟು ಕಿಲೋ, ಘರ್ಷಣೆಗೆಂದು ಇನ್ನಿಷ್ಟು. ಒಂದು ಕೊಡ ನೀರಿನಷ್ಟೂ ಅಲ್ಲ! ಇದರಲ್ಲಿ ಮಾಯೆಯಿಲ್ಲ, ಪುಕ್ಕಟೆಯೂ ಇಲ್ಲ. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು: ಚಕ್ರ 1.2 ಮೀಟರ್ ಮೇಲೇರಬೇಕಾದರೆ ನಾವು 6 ಮೀಟರ್ ಹಗ್ಗವನ್ನು ಎಳೆಯಬೇಕು. ಬಲವಿಲ್ಲದವನು ತಾಳ್ಮೆಯಿಂದ ಬೆಲೆ ಕೊಡುತ್ತಾನೆ, ಅಷ್ಟೆ.

“ಜೋರ್ ಲಗಾಕೇ...” ಎಂದ ಹಿರಿಯ ಚಾಲಕ.

“ಹೈಶಾ!” ಎಂದೆವು ನಾವು. ನನ್ನ ಬಾಯಿಂದ ಮಾತ್ರ “ಐಸಾ” ಎಂದೇ ಬಂತು.

ಗಾಳಿಯಿಲ್ಲದಿದ್ದರೂ ತನ್ನ ಗಡಸುತನದಿಂದಲೇ ಗುಂಡಗೆ ನಿಂತಿದ್ದ ಆ ಟೈರು ಹಲಗೆಯ ಮೇಲೆ ಒಂದು ಗೇಣು ಉರುಳಿತು. ಕೂಡಲೇ ಹುಡುಗ ತನ್ನ ಬೆಣೆಯನ್ನು ಅದರ ಹಿಂದೆ ತುರುಕಿದ. “ಬಸ್” ಎಂದ ಚಾಲಕ. ನಾವು ನಿಂತು ಉಸಿರಾಡಿದೆವು. ಹತ್ತು ಉಸಿರು, ಇಪ್ಪತ್ತು ಉಸಿರು. ಮತ್ತೆ ಒಂದು ಗೇಣು, ಮತ್ತೆ ಬೆಣೆ. ಒಂದು ಮಗ್ಗುಲಲ್ಲಿ ಗಾಡಿಯ ಗೋಡೆ, ಇನ್ನೊಂದು ಮಗ್ಗುಲಲ್ಲಿ ಹಿರಿಯ ಚಾಲಕನ ಎರಡು ಅಂಗೈ, ಚಕ್ರ ವಾಲುವಂತಿರಲಿಲ್ಲ. ಅದು ಹಿಂದಕ್ಕೆ ಬಂದರೆ ಸಿಕ್ಕಿಕೊಳ್ಳುವಂತೆ ಯಾರೂ ಹಲಗೆಯ ಕೆಳತುದಿಯಲ್ಲಿ ನಿಲ್ಲಬಾರದೆಂದು ಅವನು ಕಟ್ಟಪ್ಪಣೆ ಮಾಡಿದ್ದ. ಬೆಣೆ ಹಾಕುವ ಹುಡುಗ ಕೂಡ ಪಕ್ಕದಿಂದಲೇ ಕೈ ನೀಡುತ್ತಿದ್ದ. ನಡುವೆ ಒಮ್ಮೆ ಮಿತ್ರರು ಆತುರದಿಂದ ಹೆಚ್ಚು ಎಳೆದಾಗ ಚಾಲಕ ಗದರಿದ: ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ನೀವೇಕೆ ಓಡುತ್ತೀರಿ?

ಮುದುಕರು ಸುಮ್ಮನೆ ನಿಲ್ಲಲಾರದೆ, ಪೆಟ್ಟಾಗದ ಕೈಯಿಂದ ಹಗ್ಗದ ಬಾಲವನ್ನು ಹಿಡಿದುಕೊಂಡಿದ್ದರು. ಅವರ ಎಳೆತದಿಂದ ಏನೂ ಆಗುತ್ತಿರಲಿಲ್ಲ. ಆದರೂ ಯಾರೂ ಅವರನ್ನು ಬಿಡಿಸಲಿಲ್ಲ.

ಮೂರು ಮೀಟರ್ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಗೇಣಿನಲ್ಲಿ ಚಕ್ರ ಹಲಗೆಯ ತುದಿಯನ್ನು ದಾಟಿ, ಗಡಗಡ ಸದ್ದಿನೊಡನೆ ಜಗುಲಿಯ ಮೇಲೆ ಕುಳಿತಾಗ ಯಾರೂ ಜಯಕಾರ ಮಾಡಲಿಲ್ಲ. ಅದಕ್ಕೆ ಬೇಕಾದಷ್ಟು ಉಸಿರು ಯಾರಲ್ಲಿಯೂ ಇರಲಿಲ್ಲ. ಆಕೆ ಮಾತ್ರ ಗೋಡೆಗೆ ಹಣೆಯೊತ್ತಿ ಒಂದು ನಿಮಿಷ ಹಾಗೆಯೇ ನಿಂತರು. ಬೋಲ್ಟುಗಳನ್ನು ಬಿಗಿದ ಮೇಲೆ ಒಲೆ ಹೊತ್ತಿಸಿ, ಏಳು ಲೋಟ ಚಹಾ ಮಾಡಿದರು.

ಚಹಾ ಕುಡಿಯುವಾಗ ಮುದುಕರು ಒಂದು ಸಂಗತಿ ಹೇಳಿದರು. ಹಗ್ಗ ಸುತ್ತಿ ಉರುಳಿಸುವ ಈ ಉಪಾಯಕ್ಕೆ ನಾವಿಕರು ‘ಪಾರ್ಬಕಲ್’ ಎನ್ನುತ್ತಾರಂತೆ. ಹಡಗುಗಳಿಗೆ ಪೀಪಾಯಿಗಳನ್ನು ಏರಿಸುತ್ತಿದ್ದುದು ಹೀಗೆ. ಇಟಲಿಯ ಜಿಲಿಯೊ ದ್ವೀಪದ ಬಳಿ ಬಂಡೆಗೆ ತಾಗಿ ಮಗ್ಗುಲಾಗಿ ಮಲಗಿದ್ದ ‘ಕೋಸ್ಟಾ ಕಾಂಕಾರ್ಡಿಯ’ ಎಂಬ ಮಹಾನೌಕೆಯನ್ನು 2013ರ ಸೆಪ್ಟೆಂಬರ್‌ನಲ್ಲಿ ಮತ್ತೆ ನೆಟ್ಟಗೆ ನಿಲ್ಲಿಸಿದ್ದೂ ಇದೇ ತತ್ತ್ವವನ್ನು ದೊಡ್ಡದು ಮಾಡಿ. “ಇದನ್ನೆಲ್ಲ ಪತ್ರಿಕೆಯಲ್ಲಿ ಓದಿದ್ದೆ. ನನ್ನ ಗಾಡಿಯಲ್ಲಿ ಮಾತ್ರ ಒಂದು ಹಲಗೆಯಿಲ್ಲ” ಎಂದು ಅವರು ತಲೆಯಾಡಿಸಿದರು. ಆಗ ನನ್ನ ನಾಚಿಕೆಗೆ ಒಬ್ಬ ಜೊತೆಗಾರ ಸಿಕ್ಕಂತಾಯಿತು.

ಹುಡುಗನನ್ನು ಕರೆದು, ಈ ಉಪಾಯಕ್ಕೆ ನಿಮ್ಮಲ್ಲಿ ಏನು ಹೆಸರು ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, ಹೆಸರೇನಿದೆ, ಹಗ್ಗ ಹಾಕುವುದು ಎಂದ.

ಮೂರು ದೀಪಗಳು

ಮುದುಕರು ಹಣ ಕೊಡಲು ಹೋದರು. ಹಿರಿಯ ಚಾಲಕ ಎರಡು ಹೆಜ್ಜೆ ಹಿಂದೆ ಸರಿದ. ಅವನಿಗೆ ಅವಮಾನವಾಗಲಿಲ್ಲ, ಆದರೆ ಅರ್ಥವೂ ಆಗಲಿಲ್ಲ. ಅವನ ಮಾತಿನ ಸಾರಾಂಶವಿಷ್ಟು: ಈ ರಸ್ತೆಯಲ್ಲಿ ಯಾರನ್ನೂ ರಾತ್ರಿ ಒಂಟಿಯಾಗಿ ಬಿಟ್ಟು ಹೋಗುವ ಪದ್ಧತಿಯಿಲ್ಲ, ಒಮ್ಮೆ ಬಿಟ್ಟದ್ದು ಸಾಕು. ಯಾರನ್ನು ಕುರಿತು ಹೇಳಿದನೆಂದು ಕೇಳುವ ಅಗತ್ಯವಿರಲಿಲ್ಲ.

ಹೊರಡುವಾಗ ಕತ್ತಲಾಗತೊಡಗಿತ್ತು. ಮುಂದೆ ಲಾರಿ, ನಡುವೆ ಆ ತಾಯಿ ನಡೆಸುತ್ತಿದ್ದ ಉನಿಮೋಗ್, ಹಿಂದೆ ನಾವು. ನಮ್ಮ ಜೀಪು ಬಯಸಿದ್ದರೆ ಅರ್ಧ ಗಂಟೆಯಲ್ಲಿ ಮುಂದೆ ಹೋಗಬಹುದಿತ್ತು. ನಮ್ಮ ಚಾಲಕನಿಗೆ ಆ ಯೋಚನೆಯೇ ಬರಲಿಲ್ಲ. 5,328 ಮೀಟರ್ ಎತ್ತರದ ತಾಂಗ್ಲಾಂಗ್ ಲಾ ಕಣಿವೆಯನ್ನು ನಾವು ಹತ್ತಿದಾಗ ಹಿಮದ ತೆಳುಪುಡಿ ದೀಪದ ಬೆಳಕಿನಲ್ಲಿ ಸುಳಿಯುತ್ತಿತ್ತು. ಪ್ರತಿ ತಿರುವಿನಲ್ಲಿಯೂ ಲಾರಿ ನಿಧಾನಿಸಿ, ಹಿಂದಿನ ಎರಡು ಜೊತೆ ದೀಪಗಳು ಕಂಡಮೇಲೆಯೇ ಮುಂದುವರಿಯುತ್ತಿತ್ತು. ಕಣಿವೆಯಿಳಿದು ರುಮ್ಟ್ಸೆ ಗ್ರಾಮದ ದೀಪಗಳು ಕಂಡಾಗ ಮುದುಕರ ತಲೆನೋವು ಇಳಿದಿದೆಯೆಂದು ಆಕೆ ಕಿಟಕಿಯಿಂದ ಕೈಸನ್ನೆ ಮಾಡಿದರು. ಆ ರಾತ್ರಿ ಎಲ್ಲರೂ ಅಲ್ಲಿಯೇ ತಂಗಿದೆವು. ಬೆಳಿಗ್ಗೆ ಏಳುವಷ್ಟರಲ್ಲಿ ಲಾರಿ ಹೋಗಿತ್ತು. ತರಕಾರಿ ಪೇಟೆ ಮುಟ್ಟಬೇಕಲ್ಲ.

ಗ್ಯಾ, ಉಪ್ಶಿಗಳನ್ನು ಹಾದು, ಸಿಂಧೂನದಿಯ ದಡದ ಗುಂಟ ಮಧ್ಯಾಹ್ನಕ್ಕೆ ಲೇಹ್ ತಲುಪಿದೆವು. ಮುದುಕರ ಮೂಳೆ ಮುರಿದಿಲ್ಲವೆಂದು ವೈದ್ಯರು ಹೇಳಿದರು. ಮಗ್ಗುಲು ಸೀಳಿದ ಟೈರು ಮತ್ತೆ ಬಳಕೆಗೆ ಬರುವಂತಿರಲಿಲ್ಲ. ಅದನ್ನು ಕಳಚಿ ಉಕ್ಕಿನ ಬಳೆಯನ್ನು ಉಳಿಸಿಕೊಂಡರು. ಎರಡು ದಿನಗಳ ಬಳಿಕ ಅವರು ಇಳಿದುಕೊಂಡಿದ್ದ ಮನೆಯ ಮುಂದೆ ಹಾದುಹೋಗುವಾಗ ಅಂಗಳದಲ್ಲಿ ಒಂದು ನೋಟ ಕಂಡು ನಿಂತೆ. ಲಡಾಖಿನ ಪಾಪ್ಲರ್ ಮರದ ಎರಡು ಹೊಸ ಹಲಗೆಗಳು ಉನಿಮೋಗಿನ ಹಿಂದೆ ಓರೆಯಾಗಿ ನಿಂತಿದ್ದವು. ಬಳೆಯನ್ನು ಇಳಿಸುವುದು, ಹಗ್ಗ ಸುತ್ತಿ ಮತ್ತೆ ಏರಿಸುವುದು, ಹೀಗೆ ಅಭ್ಯಾಸ ನಡೆದಿತ್ತು. ಹಗ್ಗ ಹಿಡಿದು ಆಜ್ಞೆ ಕೊಡುತ್ತಿದ್ದವರು ಆಕೆ. ಬೆಣೆ ಹಾಕುತ್ತಿದ್ದವರು ಮುದುಕರು. ನನ್ನನ್ನು ಕಂಡು ಅವರು ಆ ಬೆಣೆಯನ್ನು ಎತ್ತಿ ತೋರಿಸಿದರು. ಹಳೆಯದು, ಅಂಚುಗಳು ಸವೆದು ನುಣುಪಾಗಿದ್ದವು. ಮುಂಜಾನೆ ಲಾರಿ ಹೊರಡುವ ಮುನ್ನ ಹುಡುಗ ಅದನ್ನು ಅವರ ಗಾಡಿಯ ಮೆಟ್ಟಿಲ ಮೇಲೆ ಇಟ್ಟುಹೋಗಿದ್ದನಂತೆ.

ದೂರದ ದಾರಿಗೆ ವಾಹನವನ್ನು ಸಿದ್ಧಪಡಿಸುವ ವಾಚಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಗಾಡಿಯ ಹೆಚ್ಚುವರಿ ಚಕ್ರವನ್ನು ನಿಮ್ಮ ಮನೆಯ ಅಂಗಳದಲ್ಲಿಯೇ ಒಮ್ಮೆ ಇಳಿಸಿ, ಒಮ್ಮೆ ಏರಿಸಿ ನೋಡಿ. ಇಳಿಸಿದ್ದನ್ನು ಏರಿಸಲಾರಿರಾದರೆ ಅದು ಅಲ್ಲಿಯೇ ತಿಳಿಯಲಿ. ಎರಡು ಹಲಗೆ, ಒಂದು ಗಟ್ಟಿ ಹಗ್ಗ, ಒಂದು ಮರದ ಬೆಣೆ ಜೊತೆಯಲ್ಲಿರಲಿ. ಮತ್ತು ಗಾಟಾ ತಿರುವುಗಳಲ್ಲಿ ಹೋಗುವುದಾದರೆ, ಒಂದು ಬಾಟಲಿ ನೀರು ಹೆಚ್ಚಿಗೆ ಒಯ್ಯಿರಿ.